ಇಡುಗಂಟು ಎಷ್ಟು, ಪಣ ಎಷ್ಟು?



ಭಾರತದ ಬೇಸಾಯ ಮುಂಗಾರು ಮಳೆಯೊಡನೆ ಆಡುವ ಜೂಜು ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಕೃಷಿ ಕಾಲೇಜಿನಲ್ಲಿ ನಾವು ಪರೀಕ್ಷೆಗೆ ಬರೆದ ಉತ್ತರಗಳು ಬಹುಮಟ್ಟಿಗೆ ಇದೇ ವಾಕ್ಯದಿಂದ ಆರಂಭವಾಗುತ್ತಿದ್ದವು. ಸಭೆಗಳಲ್ಲಿ ಭಾಷಣಕಾರರು ಇದನ್ನು ಹೇಳಿ, ನಿಟ್ಟುಸಿರು ಬಿಟ್ಟು, ಮುಂದಿನ ವಿಷಯಕ್ಕೆ ಹೋಗುತ್ತಾರೆ. ಜೂಜು ಎಂದು ಒಪ್ಪಿಕೊಂಡ ಮೇಲೆ ಅದನ್ನು ಆಡುವ ಕ್ರಮ ಹೇಗೆ, ಎಷ್ಟು ಪಣ ಇಡಬೇಕು, ಎಷ್ಟನ್ನು ಮನೆಯಲ್ಲೇ ಉಳಿಸಿಕೊಳ್ಳಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಎಕರೆಗೆ ಬೀಜ ಎಷ್ಟು, ಗೊಬ್ಬರ ಎಷ್ಟು, ಔಷಧಿ ಎಷ್ಟು ಎಂದು ಇಲಾಖೆಯವರಾದ ನಾವು ಕರಪತ್ರ ಹಂಚುತ್ತೇವೆ. ಹಣ ಎಷ್ಟು ಹಾಕಬೇಕು ಎಂಬುದಕ್ಕೆ ಕರಪತ್ರವಿಲ್ಲ. ಈ ವಾರ ಅದನ್ನೇ ಕುರಿತು ಬರೆಯುತ್ತಿದ್ದೇನೆ.

ರಾಗಿ, ಅವರೆ, ಹುರುಳಿಯ ಮಾತು ಇದಲ್ಲ. ರಾಗಿ ಕೈಕೊಟ್ಟ ವರ್ಷವೂ ದನಕ್ಕೆ ಹುಲ್ಲಾದರೂ ಸಿಗುತ್ತದೆ. ಹಾಕಿದ ಬಂಡವಾಳವೂ ಸಣ್ಣದು. ನಾನು ಹೇಳುತ್ತಿರುವುದು ಟೊಮೆಟೊ, ಶುಂಠಿ, ಈರುಳ್ಳಿ, ದಪ್ಪ ಮೆಣಸಿನಕಾಯಿಯಂಥ ಬೆಳೆಗಳ ಮಾತು. ಇಲ್ಲಿ ಒಂದು ವರ್ಷದಲ್ಲಿ ಹೊಸ ಮನೆ ಏಳುತ್ತದೆ, ಇನ್ನೊಂದು ವರ್ಷದಲ್ಲಿ ಹೆಂಡತಿಯ ಸರ ಬ್ಯಾಂಕಿಗೆ ಹೋಗುತ್ತದೆ. (ಇವು ತೋಟಗಾರಿಕೆ ಇಲಾಖೆಗೆ ಸೇರಿದ ಬೆಳೆಗಳು, ಕೃಷಿ ಇಲಾಖೆಯವನಿಗೆ ಇವುಗಳ ಉಸಾಬರಿ ಏಕೆ ಎಂದು ಕೇಳಬಹುದು. ಸೋತು ಬಂದ ರೈತ ಯಾವ ಇಲಾಖೆ ಎಂದು ನೋಡಿಕೊಂಡು ಬರುವುದಿಲ್ಲ. ರೈತ ಸಂಪರ್ಕ ಕೇಂದ್ರದ ಬಾಗಿಲು ತೆರೆದಿದ್ದರೆ ಒಳಗೆ ಬಂದು ಕೂರುತ್ತಾನೆ.)

ಯಾವ ಲೆಕ್ಕಕ್ಕೂ ಸಿಗದ ಜೂಜು

ಮೊದಲು ನಿಜವಾದ ಜೂಜಿನ ವಿಷಯವನ್ನು ಮುಗಿಸಿಬಿಡುತ್ತೇನೆ. ಯುಗಾದಿಗೆ ಅರಳಿಕಟ್ಟೆಯ ಮೇಲೆ ಇಸ್ಪೀಟು ಹಾಸುವವರು, ಪೇಟೆಯಲ್ಲಿ ಮಟ್ಕಾ ಚೀಟಿ ಬರೆಸುವವರು ನಮ್ಮಲ್ಲಿ ಇಲ್ಲದಿಲ್ಲ. ‘ಎಷ್ಟು ಹಣ ಇಟ್ಟುಕೊಂಡು ಆಡಿದರೆ ನಷ್ಟವಾಗುವುದಿಲ್ಲ ಸಾರ್?’ ಎಂದು ನನ್ನನ್ನೇ ಕೇಳಿದವರಿದ್ದಾರೆ. ಮಟ್ಕಾದವನು ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಎನ್ನುತ್ತಾನೆ. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ಇರುವ ಸಂಖ್ಯೆಗಳು ನೂರು. ನೂರಕ್ಕೂ ಒಂದೊಂದು ರೂಪಾಯಿ ಕಟ್ಟಿದರೆ ಖಚಿತವಾಗಿ ಗೆಲ್ಲುತ್ತೀರಿ. ನೂರು ಕೊಟ್ಟು ಎಂಬತ್ತು ತರುತ್ತೀರಿ. ಇನ್ನು ಒಂದಕ್ಕೇ ಕಟ್ಟಿದವನ ಗತಿಯೂ ಕಾಲಕ್ರಮದಲ್ಲಿ ಅದೇ, ತಿಳಿಯುವುದು ಸ್ವಲ್ಪ ತಡವಾಗಿ, ಅಷ್ಟೆ. ಇಸ್ಪೀಟು ಅಡ್ಡೆಯ ಲೆಕ್ಕವೂ ಹೀಗೆಯೇ. ಹತ್ತು ಜನ ತಲಾ ಸಾವಿರ ತಂದು ಕೂತರೆ ಅಲ್ಲಿರುವುದು 10,000 ರೂಪಾಯಿ. ಆಟಕ್ಕೆ ಐವತ್ತರಂತೆ ಜಾಗ ಕೊಟ್ಟವನು ಎತ್ತಿಕೊಂಡರೆ ನೂರು ಆಟಕ್ಕೆ 5,000 ಅವನ ಪೆಟ್ಟಿಗೆಯಲ್ಲಿರುತ್ತದೆ. ಗೆದ್ದವರು, ಸೋತವರು ಎಲ್ಲ ಸೇರಿ ಉಳಿದ ಅರ್ಧಕ್ಕೆ ಕಿತ್ತಾಡುತ್ತಾರೆ. ಆಟದ ಹುಟ್ಟಿನಲ್ಲೇ ನಷ್ಟವಿದ್ದರೆ ದೊಡ್ಡ ಗಂಟೂ ಸರಿಯಲ್ಲ, ಸಣ್ಣ ಗಂಟೂ ಸರಿಯಲ್ಲ. ದೊಡ್ಡದಾದರೆ ಹೆಚ್ಚು ದಿನ ಸೋಲಬಹುದು, ಬೇರೆ ವ್ಯತ್ಯಾಸವಿಲ್ಲ. ಲಾಟರಿಯನ್ನು ನಮ್ಮ ರಾಜ್ಯದಲ್ಲಿ 2007ರಲ್ಲೇ ನಿಲ್ಲಿಸಿದರು. ಹಣ ಕಟ್ಟಿ ಮೊಬೈಲಿನಲ್ಲಿ ಆಡುವ ಆಟಗಳನ್ನು ನಿಷೇಧಿಸಿ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆ ಮಾಡಿತು. ಕಾನೂನು ಇರಲಿ ಬಿಡಲಿ, ಲೆಕ್ಕ ಬದಲಾಗುವುದಿಲ್ಲ.

ಬೆಳೆ ಹಾಗಲ್ಲ. ಭೂಮಿ ಒಂದಕ್ಕೆ ನೂರು ಕೊಡುವಂಥದ್ದು. ಟೊಮೆಟೊದಲ್ಲಿ ಐದಾರು ವರ್ಷದ ಲೆಕ್ಕ ಕೂಡಿದರೆ ಜಾಣ ಬೆಳೆಗಾರನಿಗೆ ಲಾಭವೇ ಇರಬಹುದು. ಹಾಗಿದ್ದೂ ಅದೇ ಟೊಮೆಟೊದಲ್ಲಿ ಮನೆ ಕಳೆದುಕೊಂಡವರು ಏಕಿದ್ದಾರೆ? ಬೆಳೆ ಕೆಟ್ಟದ್ದಾಗಿರಲಿಲ್ಲ, ಕೃಷಿಯೂ ಕೆಟ್ಟದ್ದಾಗಿರಲಿಲ್ಲ. ಇಟ್ಟ ಪಣ ಗಂಟಿಗೆ ಮೀರಿದ್ದಾಗಿತ್ತು. ಲಾಭದ ಆಟವನ್ನೇ ಆಡಿ ದಿವಾಳಿಯಾಗುವುದು ಸಾಧ್ಯ ಎಂಬುದನ್ನು ಬಹಳ ಜನ ನಂಬುವುದಿಲ್ಲ. ಕಾಗದ, ಪೆನ್ಸಿಲು ತೆಗೆದುಕೊಳ್ಳಿ.

ಒಂದು ಲಕ್ಷದ ಲೆಕ್ಕ

ನಿಮ್ಮ ಬಳಿ ಒಂದು ಲಕ್ಷ ರೂಪಾಯಿ ಇಡುಗಂಟು ಇದೆ ಎನ್ನಿ. ಬೆಳೆ ಗೆದ್ದರೆ ಹಾಕಿದ್ದು ಎರಡರಷ್ಟಾಗುತ್ತದೆ, ಸೋತರೆ ಹಾಕಿದ್ದರಲ್ಲಿ ಅರ್ಧ ಹೋಗುತ್ತದೆ. ಗೆಲುವು, ಸೋಲು ಸಮಸಮ ಎಂದು ಇಟ್ಟುಕೊಳ್ಳೋಣ. ಯಾರು ನೋಡಿದರೂ ಲಾಭದ ಬೆಳೆ.

ಪೂರ್ತಿ ಲಕ್ಷವನ್ನು ಹಾಕಿದಿರಿ. ಗೆದ್ದ ವರ್ಷ ಎರಡು ಲಕ್ಷ. ಮುಂದಿನ ವರ್ಷ ಎರಡೂ ಲಕ್ಷ ಹಾಕಿ ಸೋತಿರಿ. ಉಳಿದದ್ದು ಒಂದು ಲಕ್ಷ. ಎರಡು ವರ್ಷದ ಬೆವರು ನೀರಿನಲ್ಲಿ ಹೋಮ. ಮೊದಲು ಸೋತು ಆಮೇಲೆ ಗೆದ್ದರೂ ಅಷ್ಟೆ.

ಈಗ ಪ್ರತಿ ಸಲವೂ ಕೈಲಿರುವುದರಲ್ಲಿ ಅರ್ಧ ಮಾತ್ರ ಹಾಕಿ. ಗೆದ್ದಾಗ ಒಂದೂವರೆ ಲಕ್ಷ. ಮುಂದಿನ ವರ್ಷ ಅದರಲ್ಲಿ 75,000 ಹಾಕಿ ಸೋತರೆ 37,500 ಹೋಗಿ 1,12,500 ಉಳಿಯಿತು. ಹಾಕಿದ್ದು ಕಡಿಮೆ, ಉಳಿದದ್ದು ಹೆಚ್ಚು! ಇನ್ನೂ ಕಡಿಮೆ ಮಾಡಿ, ಕಾಲು ಪಾಲು ಮಾತ್ರ ಹಾಕಿದರೆ? ಗೆದ್ದಾಗ 1,25,000, ಮರುವರ್ಷ ಸೋತಾಗ 1,09,375. ಅರ್ಧ ಹಾಕಿದವನಿಗೆ ಬಂದ ಲಾಭ 12,500, ಕಾಲು ಹಾಕಿದವನಿಗೆ 9,375. ಪಣವನ್ನು ಅರ್ಧಕ್ಕೆ ಇಳಿಸಿದರೂ ಲಾಭದಲ್ಲಿ ಮುಕ್ಕಾಲು ಪಾಲು ಉಳಿಯಿತು. ಈ ಒಂದು ಸಂಗತಿಯನ್ನು ದಯವಿಟ್ಟು ಮತ್ತೊಮ್ಮೆ ಓದಿ, ಪಕ್ಕದಲ್ಲಿ ಕೂತವರಿಗೂ ಹೇಳಿ.

ಇದು ನಾನು ಕಂಡುಹಿಡಿದದ್ದಲ್ಲ. ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿದ್ದ ಜಾನ್ ಕೆಲ್ಲಿ ಎಂಬ ವಿಜ್ಞಾನಿ 1956ರಲ್ಲಿ ಪ್ರಕಟಿಸಿದ ಲೆಕ್ಕ. ಅವನು ಕೆಲಸ ಮಾಡುತ್ತಿದ್ದುದು ಟೆಲಿಫೋನ್ ಸಂಸ್ಥೆಯಲ್ಲಿ. ತಂತಿಯಲ್ಲಿ ಬರುವ ಸುದ್ದಿಯ ಬೆಲೆ ಎಷ್ಟೆಂದು ಅಳೆಯಲು ಹೋಗಿ ಜೂಜುಗಾರನ ಪಣದ ಲೆಕ್ಕಕ್ಕೆ ಬಂದ. ಅದನ್ನು ಎಡ್ವರ್ಡ್ ಥೋರ್ಪ್ ಎಂಬ ಗಣಿತದ ಮೇಷ್ಟ್ರು ಇಸ್ಪೀಟಿನ ಮೇಜಿನ ಮೇಲೆ ಪ್ರಯೋಗಿಸಿ, 1962ರಲ್ಲಿ ಪುಸ್ತಕವನ್ನೇ ಬರೆದ. ಲೆಕ್ಕದ ತಿರುಳು ಇಷ್ಟೆ: ಪ್ರತಿಯೊಂದು ಆಟಕ್ಕೂ ಗಂಟಿನಲ್ಲಿ ಇಂತಿಷ್ಟೇ ಪಾಲು ಎಂಬ ಮಿತಿ ಇದೆ. ಆ ಮಿತಿಯವರೆಗೆ ಪಣ ಏರಿಸಿದರೆ ಗಂಟು ಬೇಗ ಬೆಳೆಯುತ್ತದೆ, ಮಿತಿ ದಾಟಿದರೆ ಬೆಳವಣಿಗೆ ಕುಗ್ಗುತ್ತದೆ, ಮತ್ತೂ ದಾಟಿದರೆ ಗಂಟೇ ಕರಗುತ್ತದೆ. ಮೇಲಿನ ಉದಾಹರಣೆಯಲ್ಲಿ ಮಿತಿ ಅರ್ಧ. ಸಾರಜನಕದ ಹಾಗೆ ಎನ್ನಿ. ಯೂರಿಯಾ ಒಂದು ಹದದವರೆಗೆ ಇಳುವರಿ ಕೊಡುತ್ತದೆ, ಹದ ಮೀರಿದರೆ ಪೈರು ಬರೀ ಸೊಪ್ಪಾಗಿ ಮಲಗುತ್ತದೆ.

ಸೋತಾಗ ಅರ್ಧವಲ್ಲ, ಪೂರ್ತಿ ಹೋಗುವ ಬೆಳೆಯಾದರೆ? ಕಟಾವಿನ ಕಾಲದಲ್ಲಿ ಬೆಲೆ ಬಿದ್ದ ಟೊಮೆಟೊ ಹೆಚ್ಚುಕಡಿಮೆ ಅಂಥದ್ದೇ. ಆಗ ಗೆದ್ದರೆ ಹಾಕಿದ್ದು ಮೂರರಷ್ಟಾಗುವಂತಿದ್ದು, ಗೆಲುವು ಸೋಲು ಸಮ ಇದ್ದರೂ ಕೆಲ್ಲಿಯ ಲೆಕ್ಕದಲ್ಲಿ ಮಿತಿ ಕಾಲು ಪಾಲು ಮಾತ್ರ. ಗೆದ್ದರೆ ಎರಡರಷ್ಟು ಮಾತ್ರ ಎಂದಾದರೆ ಮಿತಿ ಸೊನ್ನೆ, ಅಂದರೆ ಆ ಬೆಳೆಗೆ ಕೈ ಹಾಕುವುದೇ ಬೇಡ.

ಇನ್ನು ಸಾಲದ ಕಡೆ ಬನ್ನಿ. ನಿಮ್ಮ ಒಂದು ಲಕ್ಷಕ್ಕೆ ಇನ್ನೊಂದು ಲಕ್ಷ ಕೈಸಾಲ ಸೇರಿಸಿ ಎರಡು ಲಕ್ಷ ಹಾಕಿದಿರಿ. ಗೆದ್ದರೆ ನಾಲ್ಕು ಲಕ್ಷ, ಸಾಲ ತೀರಿಸಿ ಮೂರು ಲಕ್ಷ ನಿಮ್ಮದು, ಊರೆಲ್ಲ ಹೊಗಳುತ್ತದೆ. ಮರುವರ್ಷ ಮೂರಕ್ಕೆ ಮೂರು ಸಾಲ ಸೇರಿಸಿ ಆರು ಹಾಕಿ ಸೋತರೆ ಉಳಿಯುವುದು ಮೂರು, ಅದು ಪೂರ್ತಿ ಸಾಲಗಾರನದು. ನಿಮ್ಮದು ಸೊನ್ನೆ. ನಾಲ್ಕು ವರ್ಷ ಗೆದ್ದು ಐದನೆಯ ವರ್ಷ ಸೋತರೂ ಸೊನ್ನೆಯೇ. ಇದರಲ್ಲಿ ಬಡ್ಡಿಯನ್ನು ನಾನು ಹಿಡಿದೇ ಇಲ್ಲ. ಬಡ್ಡಿ ಹಿಡಿದರೆ ಸೊನ್ನೆಗಿಂತ ಕೆಳಗೆ, ಅಂದರೆ ಜಮೀನಿನ ಪಹಣಿಯವರೆಗೆ ಹೋಗುತ್ತದೆ. ಮಂಡಿಯವರ ಮುಂಗಡದಲ್ಲಿ ಇನ್ನೂ ಒಂದು ತೊಡಕಿದೆ. ಹಣ ಕೊಟ್ಟವನ ಮಂಡಿಗೇ ಮಾಲು ಹಾಕಬೇಕು, ಪಕ್ಕದ ಮಂಡಿಯಲ್ಲಿ ಬಾಕ್ಸಿಗೆ ಇಪ್ಪತ್ತು ಹೆಚ್ಚಿದ್ದರೂ ತಲೆ ತಗ್ಗಿಸಿಕೊಂಡು ಬರಬೇಕು.

2023 ಕಲಿಸಿದ್ದು

2023ರ ಜುಲೈ ತಿಂಗಳನ್ನು ನಮ್ಮ ಕೋಲಾರ ಸೀಮೆಯವರು ಮರೆಯಲಾರರು. ಆ ವರ್ಷದ ಆರಂಭದಲ್ಲಿ ಟೊಮೆಟೊ ಬೆಲೆ ನೆಲ ಕಚ್ಚಿತ್ತು. ಬೇಸತ್ತ ಕೆಲವರು ಬೀನ್ಸ್ ಕಡೆ ತಿರುಗಿದ್ದರು. ಉಳಿದವರ ತಾಕುಗಳಿಗೆ ಬಿಳಿನೊಣ ಹರಡುವ ಎಲೆ ಮುಟುರು ನಂಜು ರೋಗ ಬಿತ್ತು. ಉತ್ತರದಲ್ಲಿ ಮಳೆ ಹೊಡೆಯಿತು. ಮಾಲು ಇಲ್ಲದಾಗ ಕೋಲಾರದ ಎ.ಪಿ.ಎಂ.ಸಿ.ಯಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿತು. ಹೊಲಕ್ಕೆ ರಾತ್ರಿ ಕಾವಲು ಹಾಕಿದರು. ಆ ತಿಂಗಳು ಮಾಲಿದ್ದವರು ಹಣ ಕಂಡರು ನಿಜ. ಆದರೆ ಅವರು ಸಸಿ ನಾಟಿ ಮಾಡಿದ್ದು ಬೆಲೆ ನೆಲ ಕಚ್ಚಿದ್ದಾಗ ಎಂಬುದನ್ನು ಗಮನಿಸಿ.

ಜುಲೈ ಬೆಲೆ ನೋಡಿ ನಾಟಿ ಮಾಡಿದವರ ಕಥೆ ಬೇರೆ. ನಾಟಿಯಾಗಿ ಅರವತ್ತು, ಎಪ್ಪತ್ತು ದಿನಕ್ಕೆ ಮೊದಲ ಕಟಾವು. ಎಲ್ಲರ ಕಟಾವೂ ಒಟ್ಟಿಗೇ ಬಂತು. ಅಷ್ಟರಲ್ಲಿ ಸರ್ಕಾರ ಪೇಟೆಯವರ ಕೂಗಿಗೆ ಓಗೊಟ್ಟು ಸಹಕಾರ ಸಂಸ್ಥೆಯ ಮೂಲಕ ಕಡಿಮೆ ಬೆಲೆಗೆ ಟೊಮೆಟೊ ಮಾರಿಸಿತು, ಆಗಸ್ಟಿನಲ್ಲಿ ನೇಪಾಳದಿಂದಲೂ ತರಿಸಿತು. ಸೆಪ್ಟೆಂಬರಿನಲ್ಲಿ ಬೆಲೆ ಕುಸಿದು ಬಿತ್ತು. ಬೆಲೆ ಏರಿದಾಗ ಕೈ ಹಾಕುವುದರಲ್ಲಿ ಸರ್ಕಾರಗಳು ಚುರುಕು. ಬಿದ್ದಾಗಲೂ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಎಂಬುದಿದೆ. ಆದರೆ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಟೊಮೆಟೊ ಕೊಳೆತಿರುತ್ತದೆ. ಸರ್ಕಾರಿ ನೌಕರನಾಗಿ ಇದನ್ನು ಬರೆಯಬಾರದು ಎನ್ನುವವರಿದ್ದಾರೆ, ಇರಲಿ. ನೀವು ಲೆಕ್ಕ ಹಾಕುವಾಗ ಮಾತ್ರ ಗೆಲುವಿಗೆ ಮೇಲೊಂದು ಚಾವಣಿ ಇದೆ, ಸೋಲಿಗೆ ಕೆಳಗೆ ತಳವಿಲ್ಲ ಎಂದು ತಿಳಿದೇ ಹಾಕಿ.

ಕೆಲ್ಲಿಯ ಲೆಕ್ಕಕ್ಕೆ ಗೆಲುವಿನ ಸಾಧ್ಯತೆ ಎಷ್ಟೆಂದು ಗೊತ್ತಿರಬೇಕು. ಇಸ್ಪೀಟಿನ ಕಟ್ಟಿನಲ್ಲಿ ಐವತ್ತೆರಡು ಎಲೆ, ಎಣಿಸಬಹುದು. ಮಾರುಕಟ್ಟೆಯಲ್ಲಿ ಎಷ್ಟು ಎಲೆ ಇವೆ? ಎಷ್ಟು ಜನ ನಾಟಿ ಮಾಡಿದ್ದಾರೆ, ಮದನಪಲ್ಲಿ ಕಡೆ ಹೇಗಿದೆ, ನಾಸಿಕದಲ್ಲಿ ಹೇಗಿದೆ, ಮಳೆ ಎಲ್ಲಿ ಬೀಳುತ್ತದೆ, ಇದು ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಒಂದು ಸಲ ಗೆದ್ದವನು ಗೆಲುವಿನ ಸಾಧ್ಯತೆಯನ್ನು ಇದ್ದುದಕ್ಕಿಂತ ಹೆಚ್ಚಾಗಿಯೇ ಎಣಿಸುತ್ತಾನೆ. ಮನುಷ್ಯನ ಸ್ವಭಾವ. ಹೀಗಿರುವಾಗ ಪಣ ಹೆಚ್ಚಾಗುವ ತಪ್ಪಿಗಿಂತ ಕಡಿಮೆಯಾಗುವ ತಪ್ಪು ಅಗ್ಗ. ಕಡಿಮೆಯಾದರೆ ಲಾಭದಲ್ಲಿ ಕಾಲು ಪಾಲು ಬಿಟ್ಟುಕೊಡುತ್ತೀರಿ. ಹೆಚ್ಚಾದರೆ ಗಂಟನ್ನೇ ಬಿಟ್ಟುಕೊಡುತ್ತೀರಿ. ಲೆಕ್ಕ ಬಲ್ಲ ಜೂಜುಗಾರರೇ ಕೆಲ್ಲಿ ಹೇಳಿದ್ದರಲ್ಲಿ ಅರ್ಧ ಮಾತ್ರ ಇಡುತ್ತಾರೆ. ಕಾಲು ಬಂದಲ್ಲಿ ಅರೆಕಾಲು. ಎಲೆ ಎಣಿಸಬಲ್ಲವರಿಗೇ ಇಷ್ಟು ಅಂಜಿಕೆಯಿದ್ದರೆ, ಮೋಡ ನೋಡಿಕೊಂಡು ಆಡುವ ನಮಗೆಷ್ಟಿರಬೇಕು?

ಶುಂಠಿಯವರಿಗೆ ಒಂದು ಮಾತು. ಎಕರೆಗೆ 600ರಿಂದ 1,000 ಕಿಲೋ ಬಿತ್ತನೆ ಗೆಡ್ಡೆ ಬೇಕು. ಖರ್ಚಿನಲ್ಲಿ ದೊಡ್ಡ ಪಾಲು ಅದರದೇ. ಶುಂಠಿಗೆ ಬೆಲೆ ಬಂದ ವರ್ಷ ಬಿತ್ತನೆಯೂ ಅದೇ ಬೆಲೆ. ಹೀಗಾಗಿ ಎಲ್ಲರೂ ನುಗ್ಗುವ ವರ್ಷವೇ ಪಣ ಅತಿ ದೊಡ್ಡದಾಗಿರುತ್ತದೆ, ಮರುವರ್ಷ ಬೆಲೆ ಬೀಳುವ ಸಂಭವವೂ ಆಗಲೇ ಹೆಚ್ಚು. ಮೇಲೆ ಕೊಳೆ ರೋಗ ಬೇರೆ. ಬೆಲೆಯಿಲ್ಲದ ವರ್ಷ ರೋಗವಿಲ್ಲದ ತಾಕಿನ ಗೆಡ್ಡೆ ಉಳಿಸಿಕೊಂಡು ಸಣ್ಣದಾಗಿ ಹಾಕುವವನ ಪಣ ತಾನಾಗಿಯೇ ಹಗುರ. ಗುತ್ತಿಗೆ ಜಮೀನು ಹಿಡಿದು, ಸಾಲದಲ್ಲಿ ಗೆಡ್ಡೆ ತಂದು, ಹತ್ತು ಎಕರೆ ಹಾಕುವವರ ಬಗ್ಗೆ ನಾನು ಬರೆಯಲು ಹೋಗುವುದಿಲ್ಲ. ಅವರು ಈ ಪುಟ ಓದುವುದಿಲ್ಲ.

‘ಇನ್ನು ನೂರು ಅಡಿ ಹೋಗಲಿ’

ಜೂಜುಗಳಲ್ಲೆಲ್ಲ ಅಪ್ಪಟ ಜೂಜು ಎಂದರೆ ಕೊಳವೆಬಾವಿ. ಬೆಳೆ ಸೋತರೆ ಅರೆಪಾಲಾದರೂ ಕೈಗೆ ಬರುತ್ತದೆ. ನೀರು ಬಾರದ ಕೊಳವೆಬಾವಿಯಲ್ಲಿ ಬರುವುದು ಕಲ್ಲಿನ ಪುಡಿ. ಬಂದರೆ ಬದುಕು ಹಸನು, ಬಾರದಿದ್ದರೆ ಹಾಕಿದ್ದೆಲ್ಲ ಮಣ್ಣು. ನಮ್ಮದು ಗಟ್ಟಿ ಕಲ್ಲಿನ ನೆಲ, ನದಿಯ ಆಸರೆಯಿಲ್ಲದ ಜಿಲ್ಲೆ. ಆಳದಲ್ಲಿ ನೀರಿರುವುದು ಬಂಡೆಯ ಬಿರುಕಿನಲ್ಲಿ ಮಾತ್ರ. ಬಿರುಕು ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಪಕ್ಕದ ಹೊಲದವನಿಗೆ ಎರಡು ಇಂಚು ಬಂದಿತೆಂದರೆ ನಿಮಗೂ ಬರಬೇಕೆಂಬ ನಿಯಮವಿಲ್ಲ. ಬಂದರೆ ಅವನದು ನಿಂತರೂ ನಿಲ್ಲಬಹುದು.

ಆ ರಾತ್ರಿಯ ದೃಶ್ಯ ನಿಮಗೆ ಗೊತ್ತಿದೆ. ಲಾರಿ ನಿಂತಿದೆ, ಸದ್ದಿಗೆ ಕಿವಿ ಕಿವುಡು, ಮನೆಮಂದಿಯೆಲ್ಲ ಮೈತುಂಬ ಬೂದಿ ಬಳಿದುಕೊಂಡವರಂತೆ ನಿಂತಿದ್ದಾರೆ. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸಿದವನು ಊಟ ಮಾಡಿಕೊಂಡು ಮನೆಗೆ ಹೋಗಿಯಾಗಿದೆ. 800 ಅಡಿಗೆ ಧೂಳು, 900ಕ್ಕೂ ಧೂಳು. ‘ಏನ್ಮಾಡಣ ಯಜಮಾನ್ರೆ, ನಿಲ್ಸಣವಾ?’ ಎಂದು ಲಾರಿಯವನು ಕೇಳುತ್ತಾನೆ. ಇಷ್ಟು ದೂರ ಬಂದಾಯಿತಲ್ಲ, ಇನ್ನು ನೂರು ಅಡಿ ಹೋಗಲಿ ಎನ್ನುತ್ತೀರಿ. ಆಳ ಹೋದಂತೆ ಅಡಿಯ ದರವೂ ಏರುತ್ತದೆ ಎಂಬುದು ಆ ಹೊತ್ತಿಗೆ ನೆನಪಿರುವುದಿಲ್ಲ. ಕಳೆದದ್ದನ್ನು ಕಳೆದಲ್ಲೇ ಹುಡುಕುವುದು ಎಂದರೆ ಇದೇ. ಹೋದ ಹಣ ಹೋಯಿತು. ಅದು ಮುಂದಿನ ನೂರು ಅಡಿಯಲ್ಲಿ ನೀರಿನ ಸಾಧ್ಯತೆಯನ್ನು ಹೆಚ್ಚಿಸುವುದಿಲ್ಲ. ‘ಮೂರು ಫೇಲಾಗವೆ ಸಾರ್, ನಾಲ್ಕನೇದು ಬಂದೇ ಬರ್ತದೆ’ ಎಂದು ಒಬ್ಬರು ಹೇಳಿದ್ದರು. ಬಂಡೆಗೆ ಲೆಕ್ಕ ಗೊತ್ತಿಲ್ಲ. ಗೊತ್ತಿದ್ದರೆ, ಒಂದೇ ಹೊಲದಲ್ಲಿ ಮೂರು ಒಣಗಿದ್ದು ನಾಲ್ಕನೆಯದಕ್ಕೆ ಶುಭಶಕುನವಲ್ಲ, ಎಚ್ಚರಿಕೆ.

ಧರ್ಮರಾಯನ ಕಥೆಯೂ ಇದೇ ಅಲ್ಲವೇ? ಶಕುನಿಯ ದಾಳ ಮೋಸದ್ದು ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ದಾಳ ನೆಟ್ಟಗಿದ್ದಿದ್ದರೂ ಆತ ಉಳಿಯುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ. ಹಣ ಸೋತದ್ದಕ್ಕೆ ರಾಜ್ಯ, ರಾಜ್ಯ ಸೋತದ್ದಕ್ಕೆ ತಮ್ಮಂದಿರು, ಆಮೇಲೆ ತಾನು, ಕಡೆಗೆ ಹೆಂಡತಿ. ಸೋತಷ್ಟೂ ಪಣ ಏರಿಸುತ್ತ ಹೋದವನಿಗೆ ನೇರವಾದ ದಾಳವೂ ಒಂದಲ್ಲ ಒಂದು ದಿನ ಮುಳುವೇ.

ಆದುದರಿಂದ ಲಾರಿ ಬರುವ ಮುಂಚೆಯೇ, ಹಗಲು ಹೊತ್ತಿನಲ್ಲಿ, ಮನೆಯವರೆಲ್ಲ ಕೂತು ಎಷ್ಟು ಅಡಿ ಎಂದು ತೀರ್ಮಾನಿಸಿ ಚೀಟಿಯಲ್ಲಿ ಬರೆದಿಡಿ. ಅಷ್ಟು ಅಡಿಗೆ ನಿಲ್ಲಿಸಿ. ಚೀಟಿ ನಿಮ್ಮ ಬಳಿ ಬೇಡ, ಮನೆಯಾಕೆಯ ಬಳಿ ಇರಲಿ. ಸಾಸಿವೆ ಡಬ್ಬಿಯಲ್ಲಿ ಹಣ ಉಳಿಸಿ ಸಂಸಾರ ನಡೆಸಿದವರಿಗೆ ಇಡುಗಂಟು ಎಂದರೇನೆಂದು ನಮಗಿಂತ ಚೆನ್ನಾಗಿ ಗೊತ್ತಿದೆ.

ಗಂಟು ಕಟ್ಟುವ ಬಗೆ

ಇಡುಗಂಟು ಎಂದರೆ ಕೈಯಲ್ಲಿರುವ ಹಣವೆಲ್ಲ ಅಲ್ಲ. ಮೊದಲು ವರ್ಷದ ರಾಗಿ, ಅಕ್ಕಿಗೆ ತೆಗೆದಿಡಿ. ಮಕ್ಕಳ ಶಾಲೆ ಫೀಸು, ಸಹಕಾರ ಸಂಘದ ಸಾಲದ ಕಂತು, ದನದ ಮೇವು, ಮುಂದಿನ ಮುಂಗಾರಿನ ಬೀಜ ಗೊಬ್ಬರ, ಆಸ್ಪತ್ರೆಗೆಂದು ಒಂದಿಷ್ಟು. ಇವೆಲ್ಲ ಹೋಗಿ ಏನುಳಿಯಿತೋ ಅದೇ ಇಡುಗಂಟು. ಅದರಲ್ಲಿ ಒಂದು ಪಾಲು ಪಣ. ಕಾಲಿಗಿಂತ ಮೀರಬೇಡಿ ಎಂದು ನಾನು ಹೇಳುತ್ತೇನೆ. ಆಗ ಸಾಲಾಗಿ ಮೂರು ವರ್ಷ ಸೋತರೂ, ಮೇಲೆ ಹೇಳಿದ ಲೆಕ್ಕದ ಪ್ರಕಾರ ಲಕ್ಷದಲ್ಲಿ 66,992 ರೂಪಾಯಿ ಉಳಿದಿರುತ್ತದೆ. ಆಮೇಲೆ ಎರಡು ವರ್ಷ ಗೆದ್ದರೆ ಗಂಟು ಲಕ್ಷ ದಾಟುತ್ತದೆ. ಪೂರ್ತಿ ಹಾಕಿದವನ ಬಳಿ ಉಳಿಯುವುದು 12,500. ಅವನು ಮತ್ತೆ ಲಕ್ಷ ಕಾಣಲು ಮೂರು ವರ್ಷ ಬಿಡದೆ ಗೆಲ್ಲಬೇಕು. 12,500ಕ್ಕೆ ಬಂದವನು ಅಷ್ಟು ದಿನ ಊರಲ್ಲಿರುತ್ತಾನೆಯೇ? ಬೆಂಗಳೂರಿನಲ್ಲಿ ಎಲ್ಲೋ ಕಾವಲು ಕೆಲಸ ಹಿಡಿದಿರುತ್ತಾನೆ.

ಕಾಲು ಪಾಲು ಹಾಕಿ ಯಾರು ಉದ್ಧಾರವಾದರು ಎಂಬ ಪ್ರಶ್ನೆ ಬರುತ್ತದೆ. ಕಳೆದ ತಿಂಗಳು ಒಬ್ಬ ಗೌಡರು ನೇರವಾಗಿಯೇ ಕೇಳಿದರು: ‘ಒಂದೇ ಏಟಿಗೆ ಬಂದ್ರೆ ಸಾಲಾನೂ ತೀರ್ತದೆ, ಮಗಳ ಮದ್ವೇನೂ ಆಗ್ತದೆ. ನಿಮ್ ಲೆಕ್ಕದಾಗೆ ನಾನು ಸಾಯಗಂಟ ಕಾಯಬೇಕಾ ಸಾರ್?’ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಹೇಗಿದ್ದರೂ ಮುಳುಗುತ್ತೇನೆ ಎನ್ನುವವನಿಗೆ ದೊಡ್ಡ ಪಣವೊಂದೇ ದಾರಿಯಾಗಿ ಕಾಣುವುದು ಸಹಜ. ನಾನು ಅವರಿಗೆ ಹೇಳಿದ್ದು ಇಷ್ಟು: ‘ಗೌಡ್ರೆ, ಗಂಟೇ ಇಲ್ಲದವರು ಗಂಟಿನ ಆಟ ಆಡಬಾರದು. ಬೆಲೆ ಮೊದಲೇ ಗೊತ್ತಿರೋ ಕಡೆ ದುಡೀರಿ.’ ಕಂಪನಿಯವರು ದರ ನಿಗದಿ ಮಾಡಿ ಕೊಳ್ಳುವ ಮಿಡಿಸೌತೆ ಇದೆ, ಡೇರಿ ಹಾಲಿದೆ. ಹಿಪ್ಪುನೇರಳೆ ಇದ್ದರೆ ವರ್ಷಕ್ಕೆ ಐದಾರು ಬೆಳೆ ರೇಷ್ಮೆ ತೆಗೆಯಬಹುದು. ಗೂಡಿನ ಬೆಲೆಯೂ ಏರುತ್ತದೆ, ಇಳಿಯುತ್ತದೆ, ಆದರೆ ಅಲ್ಲಿ ವರ್ಷದ ಪಣವೆಲ್ಲ ಒಂದೇ ದಿನದ ಹರಾಜಿಗೆ ಸಿಕ್ಕುವುದಿಲ್ಲ. ಐದಾರು ಸಣ್ಣ ಪಣಗಳಾಗಿ ಹಂಚಿಹೋಗುತ್ತದೆ. ಟೊಮೆಟೊ ಬೇಕೇಬೇಕು ಎಂದರೆ ಇಬ್ಬರು ಮೂವರು ಪಾಲುದಾರಿಕೆಯಲ್ಲಿ ಹಾಕಿ, ನಷ್ಟ ಬಂದರೂ ಹಂಚಿಹೋಗಲಿ. ಗೌಡರಿಗೆ ಸಮಾಧಾನವಾಯಿತೆಂದು ಹೇಳಲಾರೆ. ಕಾಫಿ ಕುಡಿದು ಹೋದರು.

ಹಂಚಿ ಹಾಕುವುದರಲ್ಲೂ ಒಂದು ಎಚ್ಚರ. ಅರ್ಧ ಎಕರೆ ಟೊಮೆಟೊ, ಅರ್ಧ ಎಕರೆ ದಪ್ಪ ಮೆಣಸಿನಕಾಯಿ ಹಾಕಿದೆ, ಅಪಾಯ ಹಂಚಿದೆ ಎಂದುಕೊಳ್ಳುತ್ತೀರಿ. ಒಂದೇ ಬೋರಿನ ನೀರು ಎರಡಕ್ಕೂ. ಬೋರು ನಿಂತರೆ ಎರಡೂ ಒಟ್ಟಿಗೇ ಹೋಗುತ್ತವೆ. ಒಂದೇ ಸಲ ನಾಟಿ ಮಾಡುವ ಬದಲು ಮೂರು ವಾರಕ್ಕೊಂದು ತಾಕಿನಂತೆ ಮಾಡಿದರೆ ಬೆಲೆಯ ಏರಿಳಿತ ಹಂಚಿಹೋಗುತ್ತದೆ, ಒಳ್ಳೆಯದೇ. ಆದರೆ ಹಳೆಯ ತಾಕಿನ ಮಗ್ಗುಲಲ್ಲೇ ಹೊಸ ಸಸಿ ಇಟ್ಟರೆ ಬಿಳಿನೊಣ ಇಲ್ಲಿಂದಲ್ಲಿಗೆ ನಂಜು ಹೊತ್ತು ತರುತ್ತದೆ. ನಡುವೆ ಮುಸುಕಿನ ಜೋಳದ ನಾಲ್ಕು ಸಾಲು ದಟ್ಟವಾಗಿ ಹಾಕಿ, ಸಾಧ್ಯವಾದರೆ ಬೇರೆ ಹೊಲವನ್ನೇ ಆರಿಸಿ.

ಬೆಳೆ ನಡುವೆಯೂ ಪಣ ಒಂದೇ ಸಲ ಹೋಗುವುದಿಲ್ಲ ಎಂಬುದು ನಮಗಿರುವ ದೊಡ್ಡ ಅನುಕೂಲ. ಡ್ರಿಪ್ಪು, ಕಡ್ಡಿ ಮುಂದಿನ ಬೆಳೆಗೂ ಬರುತ್ತವೆ, ಅವನ್ನು ಪೂರ್ತಿ ಸೋಲಿಗೆ ಬರೆಯಬೇಡಿ. ಸಸಿ, ಗೊಬ್ಬರ, ಔಷಧಿಯ ಹಣ ಹೋದಂತೆಯೇ. ಕಟಾವಿನ ಹೊತ್ತಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಇಂದಿನ ಬಾಕ್ಸಿನ ಬೆಲೆ, ಬಿಡಿಸುವ ಕೂಲಿ, ಗಾಡಿ ಬಾಡಿಗೆ, ಮಂಡಿಯ ಕಮಿಷನ್ ಇವಿಷ್ಟನ್ನಾದರೂ ಹೊರುತ್ತದೆಯೇ? ಹೊರುವುದಿಲ್ಲ ಎಂದರೆ ಹಣ್ಣು ಗಿಡದಲ್ಲೇ ಇರಲಿ. ಎರಡು ಲಕ್ಷ ಸುರಿದಿದ್ದೇನೆ, ಬಿಡಿಸದೆ ಹೇಗಿರಲಿ ಎಂದು ಕೂಲಿ ಕೊಟ್ಟು ಬಿಡಿಸಿ, ಮಂಡಿಗೆ ಒಯ್ದು, ರಸ್ತೆಗೆ ಸುರಿದು ಬರುವುದನ್ನು ಪತ್ರಿಕೆಯ ಚಿತ್ರಗಳಲ್ಲಿ ನೀವೂ ನೋಡಿದ್ದೀರಿ. ಆ ಕೊನೆಯ ಪ್ರಯಾಣದ ಬಾಡಿಗೆಯಾದರೂ ಉಳಿಯಬಹುದಿತ್ತು.

ಗೆದ್ದ ವರ್ಷದ ಮಾತು ಇನ್ನೂ ಮುಖ್ಯ. ಗೆದ್ದ ಹಣ ಪುಕ್ಕಟೆ ಹಣ, ಹೋದರೆ ಹೋಗಲಿ ಎಂದು ಅದನ್ನೇ ಮುಂದಿನ ನಾಟಿಗೆ ಪೂರ್ತಿ ಸುರಿಯುವುದು ಇಸ್ಪೀಟಿನವರ ಚಾಳಿ. ಗೆದ್ದ ಮರುದಿನವೇ ಮೊದಲು ಸಾಲ ತೀರಿಸಿ, ಅಡವಿಟ್ಟ ಒಡವೆ ಬಿಡಿಸಿ, ಉಳಿದದ್ದನ್ನು ಇಡುಗಂಟಿಗೆ ಸೇರಿಸಿ, ಹೊಸ ಗಂಟಿನ ಕಾಲು ಪಾಲು ಎಷ್ಟೆಂದು ಹೊಸದಾಗಿ ಎಣಿಸಿ. ಸೋತ ವರ್ಷವೂ ಹೊಸದಾಗಿಯೇ ಎಣಿಸಬೇಕು. ಕಳೆದ ಸಲ ಒಂದೆಕರೆ ಹಾಕಿದ್ದೆ, ಈ ಸಲ ಮುಕ್ಕಾಲಿಗೆ ಇಳಿದರೆ ಜನ ಏನೆಂದಾರು ಎಂಬ ಯೋಚನೆಗೆ ಲೆಕ್ಕದಲ್ಲಿ ಜಾಗವಿಲ್ಲ.

ಬೆಳೆ ವಿಮೆಯ ಬಗ್ಗೆ ಕೇಳುತ್ತೀರಿ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ರೈತರ ಪಾಲಿನ ಕಂತು ಮುಂಗಾರಿನ ಆಹಾರ ಮತ್ತು ಎಣ್ಣೆಕಾಳು ಬೆಳೆಗೆ ವಿಮಾ ಮೊತ್ತದ ಶೇಕಡ 2ರವರೆಗೆ, ಹಿಂಗಾರಿಗೆ ಒಂದೂವರೆಯವರೆಗೆ, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5ರವರೆಗೆ. ಕಟ್ಟುವುದು ಒಳ್ಳೆಯದು. ಆದರೆ ಅದು ಇಳುವರಿ ನಷ್ಟಕ್ಕೆ ಮಾತ್ರ, ಬೆಲೆ ಕುಸಿತಕ್ಕೆ ಅಲ್ಲ. ನಿಮ್ಮ ಬೆಳೆ ನಿಮ್ಮ ಹೋಬಳಿಗೆ ಅಧಿಸೂಚಿತವಾಗಿದೆಯೇ ಎಂದು ಮೊದಲು ವಿಚಾರಿಸಿ.

ಒಂದು ನೋಟ್ ಪುಸ್ತಕ ಕೊಂಡು, ಮೊದಲ ಪುಟದಲ್ಲಿ ಮನೆಯ ಖರ್ಚು ಕಳೆದು ಉಳಿದ ಗಂಟು ಎಷ್ಟೆಂದು ಬರೆಯಿರಿ. ಎರಡನೆಯ ಪುಟದಲ್ಲಿ ಈ ಸಲ ಹಾಕಲಿರುವ ಪಣ. ನಾಟಿಗೆ ಮೊದಲು ಆ ಪುಸ್ತಕವನ್ನು ರೈತ ಸಂಪರ್ಕ ಕೇಂದ್ರಕ್ಕೆ ತನ್ನಿ, ಕೂತು ನೋಡೋಣ. ಸೋಮವಾರ ಮಾತ್ರ ಬೇಡ, ಅಂದು ತಾಲ್ಲೂಕಿನಲ್ಲಿ ಸಭೆ ಇರುತ್ತದೆ.